ನಾಲ್ಕು ಮನೆಯ ಸಂತೆ

ಬೆಲ್ಕಿಸ್ ಮಾಯ್ತಾ ಸಂತೆಗೆ ಹೊರಟಳೆಂದರೆ ಗುಡ್ಡದ ಓಣಿಯ ನಾಲ್ಕು ಮನೆಗಳ ಹೊಟ್ಟೆ ಅವಳ ಚೀಲದ ಹಿಂದೆಯೇ ಇಳಿದು ಹೋಗುತ್ತಿತ್ತು.

ಹದಿಮೂರು ವರ್ಷ ಅವಳು ಪುಯೆರ್ತೊ ಸೆರೆನೊ ಎಂಬ ಕಡಲೂರಿನ ಶಾಲೆಯೊಂದರಲ್ಲಿ ಇನ್ನೂರು ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸಿದವಳು. ಶಾಲೆಗೆ ದಿನಸಿ ಬರುವುದು ನಿಂತು ಅಡುಗೆಮನೆಗೆ ಬೀಗ ಬಿದ್ದಿತು. ಅವಳ ಗಂಡ ಎರಿಬೆರ್ತೊ ಕಡಲ ದಂಡೆಯಲ್ಲಿ ದೋಣಿಗಳ ಮೋಟಾರು ರಿಪೇರಿ ಮಾಡುತ್ತಿದ್ದ; ಪೆಟ್ರೋಲಿಲ್ಲದೆ ಹೆಚ್ಚಿನ ದೋಣಿಗಳು ಮರಳ ಮೇಲೆ ಮಲಗಿದ ಮೇಲೆ ರಿಪೇರಿಗೆ ತರುವವರು ಯಾರು? ವೆನೆಜುವೆಲಾದಲ್ಲಿ ಆ ವರ್ಷಗಳಲ್ಲಿ ಸಂಬಳ ಎಂಬುದು ಕೈಗೆ ಬರುವಷ್ಟರಲ್ಲಿ ಒಂದು ತಟ್ಟೆ ಮೊಟ್ಟೆಗೂ ಸಾಲದೆ ಕರಗುತ್ತಿತ್ತು. ಅಂಗಡಿಯಲ್ಲಿ ಹಿಟ್ಟಿದ್ದ ದಿನ ಎಣ್ಣೆಯಿಲ್ಲ, ಎಣ್ಣೆಯಿದ್ದ ದಿನ ಸಾಲು ಬೀದಿಯ ತುದಿ ದಾಟಿರುತ್ತಿತ್ತು.

ಆದರೂ ಬೆಲ್ಕಿಸಳ ಮನೆಯಲ್ಲಿ ಊಟ ಊಟದ ಹಾಗೆಯೇ ಇತ್ತು. ಅದು ಅವಳ ಹಟ. ಬೂತಾಯಿ ಮೀನನ್ನು ಅವಳು ಬೆಳಗ್ಗೆ ಕೊಳ್ಳುತ್ತಿರಲಿಲ್ಲ. ಐಸ್ ಸಿಗದ ಕಾಲ; ಸೂರ್ಯ ಮೀನುಗಾರರ ನೆತ್ತಿಯ ಮೇಲೆ ಬರುವ ತನಕ ದಂಡೆಯಲ್ಲಿ ಸುಮ್ಮನೆ ಕುಳಿತು, ಅವರೇ "ತಗೊಂಡ್ ಹೋಗಮ್ಮಾ, ಕೊಳೆಯೋದಕ್ಕಿಂತ ವಾಸಿ" ಅನ್ನುವಾಗ ಎದ್ದು ಹೋಗಿ ಕಣ್ಣು, ಕಿವಿರು ನೋಡಿ ಆರಿಸುತ್ತಿದ್ದಳು. ತಲೆ, ಮುಳ್ಳು ಸಾರಿಗೆ, ತಿರುಳು ಹುರಿಯಲಿಕ್ಕೆ. ಹಿಟ್ಟಿನ ಸಾಲಿನಲ್ಲಿ ಅವಳು ನಿಲ್ಲುತ್ತಲೇ ಇರಲಿಲ್ಲ. ಇಡೀ ಮುಸುಕಿನ ಜೋಳ ತಂದು, ಬೇಯಿಸಿ, ಕೈಗಿರಣಿಯಲ್ಲಿ ತಿರುವಿ ಅರೇಪ ರೊಟ್ಟಿ ತಟ್ಟುತ್ತಿದ್ದಳು. ಬಾಳೆಕಾಯಿಯ ಸಿಪ್ಪೆಯನ್ನು ಬೇಯಿಸಿ, ಎಳೆಎಳೆಯಾಗಿ ಬಿಡಿಸಿ, ಜೀರಿಗೆ ಮತ್ತು ಸಿಹಿ ಮೆಣಸಿನಕಾಯಿ ಹಾಕಿ ಬಾಡಿಸಿದರೆ ಗೋಮಾಂಸವೇ ಎಂದು ಕೇಳುವವರಿದ್ದರು. ಹಿತ್ತಲಲ್ಲಿ ಎರಡು ತೊಗರಿ ಗಿಡ. ವರ್ಷವಿಡೀ ಹಸಿ ಕಾಳು. ಹನ್ನೊಂದು ವರ್ಷದ ಮಗಳು ನೊಯೆಲಿಸ್‌ಗೆ ಒಂದು ದಿನವೂ ಖಾಲಿ ಹೊಟ್ಟೆಯಲ್ಲಿ ಮಲಗಿ ಗೊತ್ತಿರಲಿಲ್ಲ.

ಗೋಡೆಗೆ ಗೋಡೆ ಅಂಟಿದ ಪಕ್ಕದ ಮನೆ ಒತಿಲಿಯಾಳದು. ಡಬ್ಬಿ ಮೀನಿನ ಕಾರ್ಖಾನೆ ಮುಚ್ಚುವವರೆಗೆ ಅಲ್ಲಿ ದುಡಿಯುತ್ತಿದ್ದವಳು. ಗಂಡ, ಮಗಳು ಹುಟ್ಟಿದ ವರ್ಷವೇ ಬೇರೆ ಸಂಸಾರ ಹೂಡಿದ್ದ. ಮನೆಯಲ್ಲಿ ಅವಳ ಅಪ್ಪ ಕ್ರಿಸಾಂತೊ, ಬಲೆ ಹೆಣೆದು ಹೆಣೆದು ಬೆರಳು ಸೊಟ್ಟಗಾದ ಮುದುಕ. ಮತ್ತು ಆರು ವರ್ಷದ ಮಗಳು ಮಿಲೆಯ್ದಿ. ಆ ಮಗುವಿಗೆ ಇಗರ್ಜಿಯಲ್ಲಿ ದೀಕ್ಷಾಸ್ನಾನದ ನೀರು ಹಾಕಿಸುವಾಗ ಎತ್ತಿಕೊಂಡು ನಿಂತವಳು ಬೆಲ್ಕಿಸ್. ಅಂದಿನಿಂದ ಮಗುವಿಗೆ ಅವಳು ಮದ್ರೀನಾ ಎಂಬ ಧರ್ಮತಾಯಿ, ಒತಿಲಿಯಾಗೆ ಕೊಮಾದ್ರೆ. ಒಡಹುಟ್ಟಿದವರು ಕೈಬಿಡಬಹುದು, ಕೊಮಾದ್ರೆ ಬಿಡಬಾರದು ಎಂಬ ನಂಟು ಅದು.

ನಾಲ್ಕು ಮನೆ ಸೇರಿ ಕೊಳ್ಳುವ ಯೋಚನೆಯೂ ಒತಿಲಿಯಾಳದೇ.

"ಒಬ್ಬೊಬ್ರು ಒಂದೊಂದ್ ಕಿಲೋ ತಂದ್ರೆ ಅವನು ಹೇಳಿದ್ದೇ ರೇಟು. ಮೂಟೆ ಎತ್ತಿದ್ರೆ ನಾವು ಹೇಳಿದ್ದು. ನೀನು ಹೋಗು ಕೊಮಾದ್ರೆ, ನಿನ್ ಬಾಯಿಗೆ ಮಾರ್ಕೆಟ್ಟೇ ಹೆದರತ್ತೆ."

"ಹೆದರೋದು ಬಾಯಿಗಲ್ಲ ಕಣೇ, ಮೂಗಿಗೆ. ಕೊಳೆತಿದ್ದು ನಂಗೆ ಹತ್ತು ಮಾರು ದೂರದಿಂದ ಗೊತ್ತಾಗತ್ತೆ."

ಓಣಿಯ ಮೇಲ್ತುದಿಯಲ್ಲಿ ಹೊಲಿಗೆಯ ತಾರ್ಸಿಲಾ ಅಜ್ಜಿ, ಎದುರಿಗೆ ಕರೆಂಟಿನ ಕೆಲಸದ ರೋಮುಲೊ ಮತ್ತು ಅವನ ಹೆಂಡತಿ ಕೂಡಿಕೊಂಡರು. ಎರಡು ವರ್ಷ ನಡೆಯಿತು. ಬೆಲ್ಕಿಸ್ ತಂದದ್ದನ್ನು ತನ್ನ ಅಂಗಳದಲ್ಲಿ ನಾಲ್ಕು ಪಾಲು ಮಾಡುತ್ತಿದ್ದಳು. ಇದನ್ನು ಹೀಗೆ ಬೇಯಿಸು, ಇದರ ನೀರು ಚೆಲ್ಲಬೇಡ ಎಂದು ಹೇಳಿಕೊಡುತ್ತಿದ್ದಳು. ತಾನು ತಂದದ್ದರಲ್ಲಿ ಯಾರೂ ತಪ್ಪು ಹುಡುಕದಿದ್ದುದು ಅವಳಿಗೆ ಒಳಗೊಳಗೇ ಹೆಮ್ಮೆ. ಊರಿನಲ್ಲಿ ಕಸದ ತೊಟ್ಟಿ ಕೆದಕುವವರನ್ನು ಕಂಡಾಗ ಮನಸ್ಸು ಮರುಗುತ್ತಿತ್ತು, ಆದರೆ ಜೊತೆಗೇ, ನಮ್ಮ ನಾಲ್ಕು ಮನೆಯವರು ಅಲ್ಲಿಲ್ಲ ಎಂಬ ಸಮಾಧಾನವೂ ಇಣುಕುತ್ತಿತ್ತು.

ಜುಲೈ ತಿಂಗಳಲ್ಲಿ ಒಂದು ವಾರ ಯಾವ ದೋಣಿಯೂ ಕಡಲಿಗಿಳಿಯಲಿಲ್ಲ. ಜೋಳದ ಬೆಲೆ ಸೋಮವಾರ ಒಂದಿದ್ದರೆ ಗುರುವಾರ ಅದರ ಎರಡರಷ್ಟಾಯಿತು. ಶುಕ್ರವಾರ ಬೆಳಗ್ಗೆ ಬೆಲ್ಕಿಸ್ ಮಾರುಕಟ್ಟೆಯನ್ನು ಎರಡು ಸುತ್ತು ಹಾಕಿ ಒಂದು ಕುಂಬಳಕಾಯಿ ಹೋಳು ಮಾತ್ರ ಕೊಂಡು ಹೊರಬಂದಳು. ನಾಲ್ಕು ಮನೆಯವರ ದುಡ್ಡು ಅವಳ ರವಿಕೆಯೊಳಗಿತ್ತು. ಬರಿಗೈಯಲ್ಲಿ ಗುಡ್ಡ ಹತ್ತುವುದು ಅವಳ ಜಾಯಮಾನವಲ್ಲ.

ಹೊಳೆಯ ಸೇತುವೆಯ ಪಕ್ಕ ಒಂದು ಲಾರಿ ನಿಂತಿತ್ತು. ಸುತ್ತ ಐವತ್ತು ಅರವತ್ತು ಜನ. ಲಾರಿಯ ತುಂಬ ಮಣ್ಣು ಮೆತ್ತಿದ ಮರಗೆಣಸು. ಮಾರುಕಟ್ಟೆಯ ಅರ್ಧ ಬೆಲೆ. ಹುಲ್ಲಿನ ಟೋಪಿಯವನೊಬ್ಬ ಮೇಲೆ ನಿಂತು ಮೂಟೆ ಇಳಿಸುತ್ತಿದ್ದ.

ಬೆಲ್ಕಿಸ್ ಜನರ ನಡುವೆ ನುಗ್ಗಿ ಮುಂದೆ ಹೋದಳು. "ಸಿಹಿದಾ, ಕಹಿದಾ?"

"ಸಿಹಿ ಅಕ್ಕಾ. ಕಹಿ ತಂದು ಮಾರೋಕೆ ನಾನೇನ್ ಕೊಲೆಗಾರನಾ? ನನ್ ಮಕ್ಳೂ ಇದೇ ತಿಂತಾ ಇದಾವೆ."

"ಬಾಯಿ ಮಾತು ಬೇಡ. ಒಂದು ಕುಯ್ದು ಕೊಡು."

ಅವನು ಕತ್ತಿಯಿಂದ ಒಂದು ಗೆಡ್ಡೆ ಸೀಳಿ ಹೋಳು ಚಾಚಿದ. ಬಿಳಿ ತಿರುಳು, ಹೊಸ ಹಾಲು. ಬೆಲ್ಕಿಸ್ ನಾಲಿಗೆಯ ತುದಿಗಿಟ್ಟು, ಸ್ವಲ್ಪ ಅಗಿದು, ಉಗುಳಿದಳು. ಸಿಹಿ. ಅವಳ ಅಜ್ಜಿ ಗೆಣಸಿನ ಒಣರೊಟ್ಟಿ ಮಾಡುವ ಹಳ್ಳಿಯವಳು. ಅಲ್ಲಿ ಕಹಿ ಗೆಣಸನ್ನೇ ತುರಿದು, ಹಿಂಡಿ, ಆ ನೀರನ್ನು ಕೋಳಿಗಳೂ ಮುಟ್ಟದ ಕಡೆ ಚೆಲ್ಲಿ, ಹಿಟ್ಟನ್ನು ಕಾವಲಿಯ ಮೇಲೆ ಸುಡುತ್ತಿದ್ದರು. ಹಾಗೆ ಹಿಂಡದೆ ಬರೀ ಬೇಯಿಸಿ ತಿಂದವರು ಉಳಿಯುವುದಿಲ್ಲವೆಂದು ಮಕ್ಕಳಿಗೂ ಗೊತ್ತಿತ್ತು. "ಹೊರಗಿಂದ ನೋಡಿದ್ರೆ ಎರಡೂ ಒಂದೇ. ಒಂದೊಂದ್ ಗೆಡ್ಡೆನೂ ನಾಲಿಗೆಗೆ ಮುಟ್ಟಿಸಿ ನೋಡ್ಬೇಕು" ಅನ್ನುತ್ತಿದ್ದಳು ಅಜ್ಜಿ.

"ಇನ್ನೊಂದು ಕುಯ್ಯಿ. ಆ ಕೆಳಗಡೆ ಮೂಟೇದು" ಎಂದಳು ಬೆಲ್ಕಿಸ್.

ಹಿಂದಿನಿಂದ ಒಬ್ಬ ಗಂಡಸು ಕೂಗಿದ. "ಏನಮ್ಮಾ, ಸೊಸೆ ನೋಡೋಕ್ ಬಂದಿದ್ದೀಯಾ? ತಗೊಳ್ಳೋದಾದ್ರೆ ತಗೋ, ಇಲ್ಲಾಂದ್ರೆ ಜಾಗ ಬಿಡು!"

ಜನ ನಕ್ಕರು. ಯಾರದೋ ಮೊಣಕೈ ಅವಳ ಬೆನ್ನಿಗೆ ತಾಗಿತು. ಲಾರಿಯಲ್ಲಿ ಮೂಟೆಗಳು ಕಡಿಮೆಯಾಗುತ್ತಿದ್ದವು. ಬೆಲ್ಕಿಸ್ ತಾನೂ ನಕ್ಕುಬಿಟ್ಟಳು. ದುಡ್ಡು ಕೊಟ್ಟು, ಒಂದು ಮೂಟೆ ತಲೆಗೇರಿಸಿಕೊಂಡಳು.

ಅಂಗಳದಲ್ಲಿ ಮೂಟೆ ಬಿಚ್ಚಿದಾಗ ಮೊದಲು ಓಡಿ ಬಂದವಳು ಮಿಲೆಯ್ದಿ. ಮುಂದಿನ ಎರಡು ಹಲ್ಲು ಬಿದ್ದ ಬಾಯಿ.

"ಮದ್ರೀನಾ, ಇವತ್ತೂ ಮೀನಿಲ್ವಾ?"

"ಮೀನಿಗೆ ರಜೆ ಪುಟ್ಟಾ. ಸಮುದ್ರದ ಸ್ಕೂಲ್ ಮುಚ್ಚಿದೆ."

"ನಂಗೆ ಗೆಣಸಿಷ್ಟ. ಬೆಳಿಗ್ಗೆ ಏನೂ ತಿಂದಿಲ್ಲ ನಾನು."

ಒತಿಲಿಯಾ ಸೊಂಟದ ಮೇಲೆ ಕೈಯಿಟ್ಟು ರಾಶಿ ನೋಡಿದಳು. "ಅಬ್ಬಾ, ಇಷ್ಟೊಂದಾ! ಕದ್ಕೊಂಡ್ ಬಂದ್ಯಾ ಹೆಂಗೆ?"

"ಕದಿಯೋದಾಗಿದ್ರೆ ಕೋಳಿ ಕದೀತಿದ್ನಲ್ಲೇ, ಗೆಣಸ್ಯಾಕೆ? ಬೇಗ ಬೇಯಿಸು, ಮಗು ಮುಖ ನೋಡು ಹೇಗ್ ಬಾಡಿದೆ."

ಆಗ ಹತ್ತೂವರೆ ಗಂಟೆ. ಪಾಲು ಮುಗಿಯುತ್ತಲೇ ಓಣಿಯ ಕೆಳಗಿನ ನಲ್ಲಿಯಲ್ಲಿ ನೀರು ಬಂತೆಂದು ಕೂಗೆದ್ದಿತು. ನಾಲ್ಕು ದಿನಕ್ಕೊಮ್ಮೆ ಬರುವ ನೀರು. ಬೆಲ್ಕಿಸ್, ನೊಯೆಲಿಸ್ ಇಬ್ಬರೂ ಬಿಂದಿಗೆ, ಡಬ್ಬಗಳನ್ನೆತ್ತಿಕೊಂಡು ಓಡಿದರು. ತಾರ್ಸಿಲಾ ಅಜ್ಜಿಯೂ ರೋಮುಲೊವಿನ ಹೆಂಡತಿಯೂ ಸಾಲಿನಲ್ಲೇ ಇದ್ದರು. ಒತಿಲಿಯಾ ಮಾತ್ರ ಮುದುಕನನ್ನು ನೀರಿಗೆ ಕಳಿಸಿ ತಾನು ಒಲೆ ಹೊತ್ತಿಸಿದಳು. ಮಗುವಿಗೆ ಹಸಿವಾಗಿತ್ತಲ್ಲ.

ಬೆಲ್ಕಿಸಳ ಮನೆಯಲ್ಲಿ ಗೆಣಸು ಬೆಂದಾಗ ಒಂದು ದಾಟಿತ್ತು. ಕುಂಬಳದ ಸಾರು, ಮೇಲೆ ಎರಡು ಹನಿ ಎಣ್ಣೆ. ನೊಯೆಲಿಸ್ ಒಂದು ತುಂಡು ಬಾಯಿಗಿಟ್ಟು ಮುಖ ಸಿಂಡರಿಸಿದಳು.

"ಅಮ್ಮಾ, ಕಹಿ."

"ಏನ್ ಕಹಿ? ನಖರಾ ಮಾಡ್ಬೇಡ."

"ಸತ್ಯವಾಗ್ಲೂ. ನೀನೇ ನೋಡು."

ಬೆಲ್ಕಿಸ್ ಆ ತುಂಡನ್ನೇ ಕಿತ್ತುಕೊಂಡು ಕಚ್ಚಿದಳು. ಕಹಿಯೇ. ಉಗುಳಿ, ಮಗಳ ಬಾಯಿಗೆ ಬೆರಳು ಹಾಕಿ ಉಗುಳಿಸಿ, ಗಂಡನ ತಟ್ಟೆಯನ್ನು ಕೈಯಿಂದ ಹೊಡೆದು ಬೀಳಿಸಿದಳು. ಪಾತ್ರೆಯನ್ನು ಅಂಗಳಕ್ಕೆ ಮಗುಚಿ ಬರಿಗಾಲಲ್ಲಿ ಓಡಿದಳು.

ರೋಮುಲೊವಿನ ಮನೆಯಲ್ಲಿ ಇನ್ನೂ ಸಿಪ್ಪೆ ತೆಗೆಯುತ್ತಿದ್ದರು. "ಮುಟ್ಬೇಡಿ! ತಾರ್ಸಿಲಾ ಅಜ್ಜಿಗೂ ಹೇಳಿ!" ಎಂದು ಕಿರುಚಿ ಅವಳು ಒತಿಲಿಯಾಳ ಬಾಗಿಲು ತಳ್ಳಿದಳು. ಹಿತ್ತಲಲ್ಲಿ ಕ್ರಿಸಾಂತೊ ಗೋಡೆಗೆ ಕೈಯೂರಿ ವಾಂತಿ ಮಾಡುತ್ತಿದ್ದ. ಒತಿಲಿಯಾ ಅಪ್ಪನ ಬೆನ್ನು ನೀವುತ್ತಿದ್ದಳು.

"ಮಗು ಎಲ್ಲೇ?"

"ಒಳಗ್ ಮಲಗಿದಾಳೆ. ಹೊಟ್ಟೆ ನೋವು, ತಲೆ ತಿರುಗತ್ತೆ ಅಂದ್ಲು. ಯಾಕೆ? ಯಾಕ್ ಹಾಗ್ ನೋಡ್ತಿದ್ದೀಯ?"

ಮಿಲೆಯ್ದಿ ಚಾಪೆಯ ಮೇಲೆ ಪಕ್ಕಕ್ಕೆ ಹೊರಳಿ ಮಲಗಿದ್ದಳು. ಉಸಿರು ಓಡಿ ಬಂದವರ ಉಸಿರಿನಂತೆ ಮೇಲಕ್ಕೆಳೆಯುತ್ತಿತ್ತು. ಬೆಲ್ಕಿಸ್ ಎತ್ತಿಕೊಂಡಾಗ ಮಗುವಿನ ತಲೆ ಅವಳ ತೋಳ ಮೇಲೆ ಜೋತುಬಿತ್ತು.

ಗುಡ್ಡಕ್ಕೆ ಆಂಬುಲೆನ್ಸ್ ಬರುವುದು ಯಾವತ್ತೋ ನಿಂತಿತ್ತು. ರೋಮುಲೊ ದಾರಿಗಿಳಿದು ಮೀನಿನ ವ್ಯಾನೊಂದನ್ನು ಅಡ್ಡಗಟ್ಟಿ ನಿಲ್ಲಿಸಿದ. ಖಾಲಿ ಬುಟ್ಟಿಗಳ ನಡುವೆ ಒತಿಲಿಯಾ ಮಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಎದುರಿಗೆ ಬೆಲ್ಕಿಸ್ ಕ್ರಿಸಾಂತೊವನ್ನು ಆತುಕೊಂಡಿದ್ದಳು. ದಾರಿಯಲ್ಲಿ ಮಗುವಿಗೆ ಸೆಳೆತ ಬಂತು. ಒತಿಲಿಯಾ ಹೆಸರು ಹಿಡಿದು ಕರೆಯುತ್ತಲೇ ಇದ್ದಳು, ಆಟಕ್ಕೆ ಹೋದ ಮಗುವನ್ನು ಊಟಕ್ಕೆ ಕರೆಯುವ ಹಾಗೆ.

ಆಸ್ಪತ್ರೆಯಲ್ಲಿ ಆಗಲೇ ಅದೇ ಲಾರಿಯ ಗೆಣಸು ತಿಂದ ಎರಡು ಸಂಸಾರಗಳಿದ್ದವು. ಡಾಕ್ಟರ್ ಚಿಕ್ಕ ವಯಸ್ಸಿನ ಹೆಂಗಸು. ಎರಡು ದಿನದಿಂದ ನಿದ್ದೆಯಿಲ್ಲದವಳಂತೆ ಕಣ್ಣು ಕೆಂಪಾಗಿದ್ದವು. ಮಗುವಿನ ಮೂಗಿಗೆ ಆಮ್ಲಜನಕ ಹಿಡಿಸಿ, ಒಂದು ಚೀಟಿಯಲ್ಲಿ ಔಷಧಿಯ ಹೆಸರು ಬರೆದಳು.

"ಇದು ನಮ್ಮಲ್ಲಿಲ್ಲ. ಊರಲ್ಲೆಲ್ಲಾದ್ರೂ ಇದ್ರೆ ತನ್ನಿ. ಎಷ್ಟು ಬೇಗ ಆಗತ್ತೋ ಅಷ್ಟು ಬೇಗ."

ಹಿಂದೆಯೇ ಬಂದಿದ್ದ ಎರಿಬೆರ್ತೊ ಚೀಟಿ ಹಿಡಿದು ಓಡಿದ. ಹನ್ನೊಂದು ಔಷಧಿ ಅಂಗಡಿ ಸುತ್ತಿದ. ಎಲ್ಲ ಕಡೆಯೂ ತಲೆಯಾಡಿಸಿದರು. ಅವನು ಬೆವರು ಸುರಿಸುತ್ತ ವಾಪಸ್ಸು ಬರುವ ಹೊತ್ತಿಗೆ ಐದೂವರೆ. ಕಾರಿಡಾರಿನ ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಮಿಲೆಯ್ದಿ ಹೋಗಿ ಹತ್ತು ನಿಮಿಷವಾಗಿತ್ತು. ಮುದುಕ ಬದುಕಿದ. ಅವನು ತಿಂದದ್ದು ಎರಡು ತುಂಡು. ಒತಿಲಿಯಾ ಒಂದೂ ತಿಂದಿರಲಿಲ್ಲ. ಮಗು ತಿಂದು ಮಿಕ್ಕಿದ್ದನ್ನು ತಿನ್ನೋಣವೆಂದು ಕಾದಿದ್ದಳು.

ಪೆಟ್ಟಿಗೆಗೆ ಹಲಗೆ ಸಿಗಲಿಲ್ಲ. ರೋಮುಲೊ ತನ್ನ ಬಟ್ಟೆಯ ಬೀರುವನ್ನು ಬಿಚ್ಚಿ, ಹಲಗೆ ಕೊಯ್ದು, ಚಿಕ್ಕದೊಂದು ಪೆಟ್ಟಿಗೆ ಮಾಡಿದ. ತಾರ್ಸಿಲಾ ಅಜ್ಜಿ ಪರದೆಯ ಬಟ್ಟೆಯಲ್ಲಿ ಬಿಳಿ ಅಂಗಿ ಹೊಲಿದಳು. ಅಷ್ಟು ಚಿಕ್ಕ ಮಗು ಸತ್ತರೆ ಅದು ದೇವದೂತ, ಅದಕ್ಕೆ ಅಂಗಿ ತೊಡಿಸಿ ತಲೆಗೆ ಹೂವಿಡುವ ಹಕ್ಕು ಮದ್ರೀನಾಳದು. ಅದು ಹಳೆಯ ಕಾಲದಿಂದ ಬಂದ ರೂಢಿ. ಶನಿವಾರ ಬೆಳಗ್ಗೆ ಬೆಲ್ಕಿಸ್ ತಲೆಗೆ ಕಪ್ಪು ಬಟ್ಟೆ ಹೊದ್ದು, ಕೈ ತೊಳೆದುಕೊಂಡು, ಆ ಅಂಗಿಯನ್ನೆತ್ತಿಕೊಂಡು, ಒತಿಲಿಯಾಳ ಮನೆಯಲ್ಲಿ ಮಗುವನ್ನು ಮಲಗಿಸಿದ್ದ ಮೇಜಿನ ಹತ್ತಿರ ಹೋದಳು.

"ಕೈ ಹಾಕ್ಬೇಡ."

ಒತಿಲಿಯಾ ಧ್ವನಿ ಏರಿಸಿರಲಿಲ್ಲ. ಆದರೂ ಕೋಣೆಯಲ್ಲಿದ್ದವರೆಲ್ಲರಿಗೂ ಕೇಳಿತು.

"ಒತಿಲಿಯಾ..."

"ನಿನ್ ಕೈ ಅವಳ್ ಮೇಲೆ ಹಾಕ್ಬೇಡ. ಅಜ್ಜಿ, ನೀವ್ ಹಾಕಿ."

ಬೆಲ್ಕಿಸ್ ಅಂಗಿಯನ್ನು ತಾರ್ಸಿಲಾಳ ಕೈಗೆ ಕೊಟ್ಟು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತಳು. ಪೆಟ್ಟಿಗೆ ಅವಳನ್ನು ದಾಟಿಕೊಂಡೇ ಇಳಿದು ಹೋಯಿತು. ಹಿಂದಿನಿಂದ ದೂರ ದೂರ ನಡೆದು, ಸ್ಮಶಾನದ ಗೇಟಿನ ಹೊರಗೆ ನಿಂತು, ಎಲ್ಲರೂ ತಿರುಗುವ ಮುನ್ನ ಮನೆಗೆ ಬಂದಳು.

ಪೊಲೀಸರು ಬಂದು ಲಾರಿಯ ಬಣ್ಣ ಕೇಳಿಕೊಂಡು ಹೋದರು. ಆ ಲಾರಿಯೂ ಟೋಪಿಯವನೂ ಸಿಗಲಿಲ್ಲ. ರಸ್ತೆ ಬದಿಯ ಗೆಣಸು ಕೊಳ್ಳಬೇಡಿ ಎಂದು ರೇಡಿಯೋದವರು ಹೇಳಿದರು. ಓಣಿಯಲ್ಲಿ ಕೆಲವರು, ಪಾಪ ಅವಳ ತಪ್ಪೇನು, ತನ್ನ ಮಗಳಿಗೂ ಅದನ್ನೇ ಬಡಿಸಿದ್ದಳಲ್ಲ ಎಂದರು. ಇನ್ನು ಕೆಲವರು, ಅಗ್ಗದ ಆಸೆ ಅಂದರೆ ಹೀಗೇ ಎಂದರು. ಎರಡು ಮಾತೂ ಬೆಲ್ಕಿಸಳ ಕಿವಿಗೆ ಬಿದ್ದವು. ಎರಡನೆಯದೇ ನಾಟಿತು.

ಅವಳು ಸಂತೆ ಬಿಟ್ಟಳು. ಎರಿಬೆರ್ತೊ ಹೋಗಿ ಮುಗ್ಗಲು ಜೋಳವನ್ನೋ ಬೂಸಲು ಹಿಡಿದ ಬೀನ್ಸನ್ನೋ ದುಪ್ಪಟ್ಟು ಕೊಟ್ಟು ತರುತ್ತಿದ್ದ. ಅವಳು ಅದನ್ನು ಮೂಸಿ, ಆರಿಸಿ, ಮತ್ತೆ ಮೂಸಿ, ಅರ್ಧ ಚೆಲ್ಲುತ್ತಿದ್ದಳು. ಬಡಿಸುವ ಮೊದಲು ಪ್ರತಿ ತುಂಡಿನ ತುದಿಯನ್ನೂ ಕಚ್ಚಿ ನೋಡುತ್ತಿದ್ದಳು. ನೊಯೆಲಿಸಳ ಲಂಗ ಸೊಂಟದಿಂದ ಜಾರತೊಡಗಿತು. ಒಂದು ದಿನ ತಾರ್ಸಿಲಾ ಅಜ್ಜಿ ಬಾಗಿಲಿಗೆ ಬಂದಳು.

"ನೀನ್ ಬಿಟ್ಮೇಲೆ ನಮ್ ಮೊಮ್ಮಕ್ಳು ಬರೀ ಉಪ್ಪುನೀರ್ ಕುಡೀತಾ ಇದಾವೆ ಮಗಳೇ. ಹೋಗಿ ತಾ. ನಾ ಕಾಸು ಕೊಡ್ತೀನಿ."

"ನನ್ ಹತ್ರ ಕೇಳ್ಬೇಡಿ ಅಜ್ಜಿ."

"ಮತ್ ಯಾರ್ ಹತ್ರ ಕೇಳ್ಲಿ? ಸತ್ತೋರ್ ಹೆಸರಲ್ಲಿ ಇದ್ದೋರ್ನೂ ಸಾಯಿಸ್ತೀಯಾ?"

ಬೆಲ್ಕಿಸ್ ಬಾಗಿಲು ಮುಚ್ಚಿಕೊಂಡಳು.

ಪಕ್ಕದ ಮನೆಯಲ್ಲಿ ಒಲೆಯ ಹೊಗೆ ಏಳುತ್ತಲೇ ಇರಲಿಲ್ಲ. ಒತಿಲಿಯಾ ಬದುಕುತ್ತಿದ್ದದ್ದು ಅಂಗಡಿಯ ಪೊಟ್ಟಣದ ಬಿಸ್ಕತ್ತಿನ ಮೇಲೆ. ಯಂತ್ರ ಮುಚ್ಚಿದ ಪೊಟ್ಟಣವನ್ನಲ್ಲದೆ ಬೇರೆ ಏನನ್ನೂ ಅವಳು ನಂಬುತ್ತಿರಲಿಲ್ಲ. ಅದು ಎಲ್ಲಕ್ಕಿಂತ ತುಟ್ಟಿ. ಅವಳ ಮಂಚ ಮಾರಿದ್ದು ಓಣಿಗೆಲ್ಲ ಗೊತ್ತಾಯಿತು. ಮುದುಕನಿಗೆ ದಿನಕ್ಕೆ ನಾಲ್ಕು ಬಿಸ್ಕತ್ತು.

ಮೂರನೆಯ ವಾರ ಒಂದು ಮಧ್ಯಾಹ್ನ ಕ್ರಿಸಾಂತೊ ಬೆಲ್ಕಿಸಳ ಹಿತ್ತಲ ಬಾಗಿಲಿಗೆ ಬಂದು ನಿಂತ. ಪ್ಯಾಂಟಿಗೆ ಬಲೆಯ ಹಗ್ಗ ಕಟ್ಟಿಕೊಂಡಿದ್ದ.

"ಏನಾದ್ರೂ ಇದ್ಯಾ ತಾಯಿ?"

ಬೆಲ್ಕಿಸ್ ಒಲೆಯ ಕಡೆ ತಿರುಗಿ ನೋಡಿದಳು. "ನನ್ ಕೈಯಿಂದ ತಿಂತೀರಾ?"

"ಸಾಯೋ ವಯಸ್ಸು ಆಗೇ ಹೋಗಿದೆ. ಬಿಸ್ಕತ್ ತಿಂದು ಸಾಯೋದಕ್ಕಿಂತ ನಿನ್ ಸಾರು ಕುಡಿದು ಸಾಯ್ತೀನಿ. ಅವ್ಳಿಗ್ ಹೇಳ್ಬೇಡ."

ಅವಳು ತೊಗರಿ ಕಾಳಿನ ಸಾರನ್ನು ಬಟ್ಟಲಿಗೆ ಬಗ್ಗಿಸಿ, ತಾನು ಎರಡು ಗುಟುಕು ಕುಡಿದು, ಅವನ ಮುಂದಿಟ್ಟಳು. ಮುದುಕ ಬಟ್ಟಲಿಂದ ಮುಖ ಎತ್ತದೆ ಕುಡಿದ. ಮರುದಿನವೂ ಬಂದ. ಅವನು ಬರುತ್ತಾನೆಂದು ಬೆಲ್ಕಿಸ್ ಗಂಡನ ಜೊತೆ ದಂಡೆಗೆ ಹೋದಳು. ವಾರಗಳ ಮೇಲೆ ಮೊದಲ ಸಲ ಮೀನಿನ ಕಿವಿರು ಎತ್ತಿ ನೋಡಿದಳು. ಒಂದೊಂದನ್ನೂ ಎರಡೆರಡು ಸಲ ಮೂಸಿದಳು. ಮೀನಿನವನು ನೋಡಿಯೂ ನೋಡದವನ ಹಾಗೆ ಎರಡು ಹೆಚ್ಚು ಹಾಕಿದ.

ಒಂಬತ್ತನೆಯ ದಿನ ಮುದುಕನ ಹಿಂದೆಯೇ ಒತಿಲಿಯಾ ಬಂದಳು. ಅವಳ ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ಅಪ್ಪನ ಕೈಯಲ್ಲಿದ್ದ ಬಟ್ಟಲನ್ನು ಕಿತ್ತು ನೆಲಕ್ಕೆ ಬಡಿದಳು. ಮೀನಿನ ಸಾರು ಅಂಗಳದ ಮಣ್ಣಿನಲ್ಲಿ ಹರಿಯಿತು.

"ಇವಳ್ ಕೈಯಿಂದ! ಇವಳ್ ಕೈಯಿಂದ ತಿನ್ನೋಕ್ ಬರ್ತೀಯಾ ಅಪ್ಪಾ? ನಾಚ್ಕೆ ಆಗಲ್ವಾ ನಿಂಗೆ?"

"ಹಸಿವಿಗ್ ನಾಚ್ಕೆ ಇಲ್ಲ ಮಗಾ" ಎಂದ ಕ್ರಿಸಾಂತೊ. ನೆಲದಿಂದ ಒಂದು ಮೀನಿನ ತುಂಡನ್ನು ಹೆಕ್ಕಿ, ಮಣ್ಣು ಒರೆಸಿ ಬಾಯಿಗಿಟ್ಟುಕೊಂಡ.

ಅದನ್ನು ನೋಡಿ ಒತಿಲಿಯಾ ಅಂಗಳದಲ್ಲೇ ಕುಳಿತುಬಿಟ್ಟಳು. ಕುಳಿತಲ್ಲಿಂದಲೇ ಬೆಲ್ಕಿಸಳನ್ನು ನೋಡಿದಳು. ಇಷ್ಟು ದಿನದಲ್ಲಿ ಮೊದಲ ಸಲ ಕಣ್ಣಿಗೆ ಕಣ್ಣು ಕೊಟ್ಟು.

"ನೀನು ರುಚಿ ನೋಡಿದ್ಯಾ? ಅವತ್ತು. ಲಾರಿ ಹತ್ರ."

ಬೆಲ್ಕಿಸ್ ಸುಳ್ಳು ಹೇಳಬಹುದಿತ್ತು. ಎಲ್ಲ ನೋಡಿದ್ದೆ, ಕೆಳಗಿನ ಮೂಟೆಯಲ್ಲಿ ಬೆರೆಸಿದ್ದರು ಎನ್ನಬಹುದಿತ್ತು. ಡಾಕ್ಟರಿಗೂ ಪೊಲೀಸರಿಗೂ ಹೆಚ್ಚು ಕಡಿಮೆ ಹಾಗೆಯೇ ಹೇಳಿದ್ದಳು.

"ಒಂದನ್ನ" ಎಂದಳು. "ಒಂದೇ ಒಂದನ್ನ ನೋಡ್ದೆ. ಇನ್ನೊಂದ್ ಕೇಳ್ದೆ, ಜನ ತಳ್ಳಿದ್ರು. ಮೂಟೆ ಖಾಲಿ ಆಗ್ತಿತ್ತು. ಮನೆಗ್ ತಂದ್ಮೇಲೂ ನೋಡ್ಬಹುದಿತ್ತು. ನೋಡ್ಲಿಲ್ಲ."

ಒತಿಲಿಯಾ ಬಯ್ಯುತ್ತಾಳೆ, ಹೊಡೆಯುತ್ತಾಳೆ ಎಂದು ಬೆಲ್ಕಿಸ್ ನಿಂತೇ ಇದ್ದಳು. ಆದರೆ ಅವಳು ಹೇಳಿದ್ದು ಬೇರೆ.

"ಅವಳೂ ಕಹಿ ಅಂದ್ಲು ಕೊಮಾದ್ರೆ. ಮೊದಲ್ನೇ ತುತ್ತಿಗೇ. ನಿನ್ ಮದ್ರೀನಾ ತಂದಿದ್ದು, ಚೆನ್ನಾಗೇ ಇರತ್ತೆ, ತಿನ್ನು ಅಂದೆ. ತಿನ್ನಲ್ಲ ಅಂದ್ಲು. ಬೈದೆ. ಉಪ್ಪು ಹಾಕ್ಕೊಟ್ಟೆ. ನಾನೇ ತುತ್ತು ಮಾಡಿ ಇಟ್ಟೆ."

ಬೆಲ್ಕಿಸ್ ಹತ್ತಿರ ಹೋಗಲಿಲ್ಲ. ಹೋಗುವ ಹಕ್ಕು ತನಗಿದೆಯೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಒತಿಲಿಯಾ ಬಾಯಿಗೆ ಅಂಗಿಯ ತುದಿ ತುರುಕಿಕೊಂಡು ಅತ್ತಳು. ಮುದುಕ ಮಗಳ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಸೊಟ್ಟ ಬೆರಳುಗಳಿಂದ ಅವಳ ಬೆನ್ನು ತಟ್ಟುತ್ತಿದ್ದ.

ಅಳು ನಿಂತ ಮೇಲೆ ಒತಿಲಿಯಾ ಎದ್ದು ಮುಖ ಒರೆಸಿಕೊಂಡಳು. "ಅಪ್ಪ ಇಲ್ಲೇ ತಿನ್ಲಿ. ಆದ್ರೆ ಮೊದ್ಲು ನೀನ್ ತಿನ್ಬೇಕು. ನನ್ ಕಣ್ಣೆದುರಿಗೆ. ಆಮೇಲೆ ಒಂದ್ ಗಂಟೆ ಕಾಯ್ಬೇಕು."

"ಆಯ್ತು."

"ಎಲ್ಲದ್ರಲ್ಲೂ. ನೀರಲ್ಲೂ."

"ಆಯ್ತು ಅಂದ್ನಲ್ಲ."

ಅಂದಿನಿಂದ ಹಾಗೆಯೇ ನಡೆಯಿತು. ದಿನವೂ ಹನ್ನೆರಡಕ್ಕೆ ಬೆಲ್ಕಿಸ್ ತಟ್ಟೆ ಹಿಡಿದು ಪಕ್ಕದ ಅಂಗಳಕ್ಕೆ ಹೋಗಿ, ಒತಿಲಿಯಾಳ ಎದುರು ಕುಳಿತು, ಪ್ರತಿಯೊಂದರಿಂದಲೂ ತಿನ್ನುವಳು. ಒತಿಲಿಯಾ ಅವಳ ಬಾಯಿ ನೋಡುತ್ತಿರುವಳು, ಗಂಟಲು ನೋಡುತ್ತಿರುವಳು. ಆಮೇಲೆ ಮೂವರೂ ಸುಮ್ಮನೆ ಕುಳಿತು ಕಾಯುವರು. ಸಾರು ತಣ್ಣಗಾಗುವುದು, ಮೀನಿನ ಮೇಲೆ ನೊಣ ಕೂರುವುದು, ಮುದುಕ ನೊಣ ಓಡಿಸುವನು. ಮೊದಮೊದಲು ಒತಿಲಿಯಾ ಅಪ್ಪ ತಿನ್ನುವುದನ್ನು ನೋಡಿ ಎದ್ದು ಹೋಗುತ್ತಿದ್ದಳು. ಅಕ್ಟೋಬರಿನಲ್ಲಿ ತಾನೂ ಒಂದು ಅರೇಪ ಮುರಿದುಕೊಂಡಳು. ಮಾತುಕತೆ ಹೆಚ್ಚಿರಲಿಲ್ಲ. "ಇವತ್ತು ಜೋಳ ಎಲ್ಲಿಂದ ತಂದೆ?" "ಮಾರ್ಕೆಟ್ಟಿಂದ. ಹಳೇ ಅಂಗ್ಡಿಯವನ ಹತ್ರ." ಅಷ್ಟೇ. ಒಮ್ಮೆಯೂ ಅವಳು ರುಚಿಯಾಗಿದೆ ಎನ್ನಲಿಲ್ಲ, ಬೆಲ್ಕಿಸಳೂ ಕೇಳಲಿಲ್ಲ.

ತಾರ್ಸಿಲಾ ಅಜ್ಜಿಗೂ ರೋಮುಲೊವಿನ ಮನೆಗೂ ಅವಳು ಮತ್ತೆ ತಂದುಕೊಡತೊಡಗಿದಳು. ಈಗ ಮಾರುಕಟ್ಟೆಯಲ್ಲಿ ಅವಳೊಂದು ತಮಾಷೆಯ ವಸ್ತು. ಹತ್ತು ಕುಂಬಳವಿದ್ದರೆ ಹತ್ತನ್ನೂ ಚೂರು ಕೊಯ್ಯಿಸಿ ನಾಲಿಗೆಗೆ ಮುಟ್ಟಿಸುವಳು. "ಬಂದ್ಲಪ್ಪಾ ನಾಲಿಗೆ ಸಾಹುಕಾರ್ತಿ" ಎಂದು ಅಂಗಡಿಯವರು ನಗುವರು. ಮರಗೆಣಸಿನ ರಾಶಿ ಕಂಡರೆ ಆಚೆ ಬದಿಯಿಂದ ನಡೆಯುವಳು.

ಫೆಬ್ರವರಿಯಲ್ಲಿ ಕ್ರಿಸಾಂತೊ ಕೆಮ್ಮು ಹತ್ತಿ, ಹದಿನೈದು ದಿನ ಮಲಗಿ, ತೀರಿಕೊಂಡ. ಡಾಕ್ಟರ್ ಅದು ಎದೆಗೆ ನೀರು ತುಂಬಿದ್ದು ಎಂದಳು. ಒತಿಲಿಯಾ ಎರಡೆರಡು ಸಲ ಕೇಳಿದಳು, ಊಟದಿಂದ ಅಲ್ಲವಾ ಎಂದು. ಅಲ್ಲ ಎಂದ ಮೇಲೆ ತಲೆಯಾಡಿಸಿದಳು. ಈ ಸಲ ಮುದುಕನಿಗೆ ಬಟ್ಟೆ ತೊಡಿಸುವಾಗ ಬೆಲ್ಕಿಸ್ ಕಾಲ ಕಡೆ ನಿಂತಿದ್ದಳು, ಯಾರೂ ಬೇಡವೆನ್ನಲಿಲ್ಲ.

ಒಂದು ತಿಂಗಳ ಮೇಲೆ ಒತಿಲಿಯಾ ಮನೆ ಮಾರಿದಳು. ಪೂರ್ವದ ತುದಿಯ ಬಂದರಿಗೆ ಹೋಗಿ ಅಲ್ಲಿಂದ ದೋಣಿಯಲ್ಲಿ ಟ್ರಿನಿಡಾಡ್ ದ್ವೀಪಕ್ಕೆ ದಾಟುವುದೆಂದು ತೀರ್ಮಾನಿಸಿದ್ದಳು. ಅಲ್ಲಿ ಕೋಳಿ ಸುಲಿಯುವ ಕೆಲಸ ಸಿಗುತ್ತದೆಂದು ಯಾರೋ ಹೇಳಿದ್ದರಂತೆ. ಹೊರಡುವ ಹಿಂದಿನ ದಿನ ಬೆಲ್ಕಿಸಳ ಬಾಗಿಲಿಗೆ ಬಂದು ನಿಂತಳು.

"ದಾರಿಗೇನಾದ್ರೂ ಕಟ್ಕೊಡ್ತೀಯಾ? ಅಂಗ್ಡೀಲಿ ತಗೊಳ್ಳೋಷ್ಟು ಇಲ್ಲ."

ಬೆಲ್ಕಿಸ್ ಅಂದು ಮನೆಯಲ್ಲಿದ್ದ ಜೋಳವನ್ನೆಲ್ಲ ತಿರುವಿದಳು. ಎಂಟು ಅರೇಪ ತಟ್ಟಿ, ಹದವಾಗಿ ಸುಟ್ಟು, ಉಪ್ಪು ಮೀನನ್ನು ಈರುಳ್ಳಿ ಹಾಕಿ ಹುರಿದು ಒಳಗೆ ತುಂಬಿದಳು. ಬಾಳೆಲೆಯಲ್ಲಿ ಸುತ್ತಿ, ಬಟ್ಟೆಯಲ್ಲಿ ಕಟ್ಟಿ, ಬೆಳಗ್ಗೆ ಬಸ್ಸಿನ ಹತ್ತಿರ ತೆಗೆದುಕೊಂಡು ಹೋದಳು. ಜನ ಕಿಟಕಿಯಿಂದ ಮೂಟೆ ತೂರಿಸುತ್ತಿದ್ದರು. ಒತಿಲಿಯಾಳ ಕೈಯಲ್ಲಿ ಒಂದೇ ಚೀಲ.

ಬೆಲ್ಕಿಸ್ ಗಂಟು ಬಿಚ್ಚಿ, ಮೇಲಿನ ಅರೇಪದ ಅಂಚು ಮುರಿದು ಬಾಯಿಗಿಟ್ಟಳು. ಅಗಿದು ನುಂಗಿದಳು. ಎರಡನೆಯದರ ಅಂಚಿಗೆ ಕೈ ಹಾಕಿದಾಗ ಒತಿಲಿಯಾ ಅವಳ ಮಣಿಕಟ್ಟು ಹಿಡಿದಳು.

"ಬಿಡು. ಬಸ್ ಹೊರಡತ್ತೆ."

"ಇನ್ನೂ ಏಳಿದೆ. ಒಂದ್ ನಿಮಿಷ."

"ಬಿಡು ಅಂದ್ನಲ್ಲ."

ಗಂಟನ್ನು ತೆಗೆದುಕೊಂಡು ಅವಳು ಚೀಲದೊಳಗೆ ತುರುಕಿದಳು. ತಬ್ಬಿಕೊಳ್ಳಲಿಲ್ಲ. ಮೆಟ್ಟಿಲು ಹತ್ತಿ, ಜನರ ನಡುವೆ ಸೇರಿ, ಆಚೆ ಬದಿಯ ಕಿಟಕಿಯಲ್ಲಿ ಕುಳಿತಳು. ಬಸ್ಸು ತಿರುಗುವಾಗ ಬೆಲ್ಕಿಸಳಿಗೆ ಕಂಡದ್ದು ಅವಳ ಹಿಂದಲೆ ಮಾತ್ರ.

ಆಮೇಲೆ ಕಾಗದವಿಲ್ಲ, ಫೋನಿಲ್ಲ. ಆ ತಿಂಗಳು ದಾಟಿದ ದೋಣಿಗಳಲ್ಲಿ ಒಂದು ಮುಳುಗಿತೆಂದು ಒಬ್ಬರು, ಇಲ್ಲ ಎಲ್ಲವೂ ತಲುಪಿದವೆಂದು ಇನ್ನೊಬ್ಬರು ಹೇಳಿದರು. ಆ ಎಂಟು ಅರೇಪಗಳನ್ನು ಒತಿಲಿಯಾ ತಿಂದಳೋ, ದಾರಿಯಲ್ಲೆಲ್ಲೋ ಎಸೆದಳೋ, ಬೆಲ್ಕಿಸಳಿಗೆ ಇವತ್ತಿಗೂ ಗೊತ್ತಿಲ್ಲ. ಬಸ್ಸು ಹೊರಟ ಮರುದಿನ ಬೆಳಗ್ಗೆ ಅವಳು ದಂಡೆಗೆ ಹೋದಳು. ಎರಡು ದೋಣಿ ಮೀನು ತಂದಿದ್ದವು. ಬಿಸಿಲೇರಿ ಬೆಲೆ ಇಳಿಯುವ ತನಕ ಮರಳ ಮೇಲೆ ಕುಳಿತು ಕಾದಳು.